‘ಅಂದ’ ಬೇರೆ, ‘ಹೇಳಿದ’ ಬೇರೆ: ಇಂಗ್ಲಿಷಿನ ಮಾತಿನ ಪದಗಳು

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೊಂದು ಇಮೇಲ್ ಬರೆದಿದ್ದೆ. ಹೊರದೇಶದ ಗ್ರಾಹಕರೊಬ್ಬರ ಮ್ಯಾನೇಜರ್ ಜೊತೆ ಹಿಂದಿನ ದಿನ ಫೋನಿನಲ್ಲಿ ಎರಡು ಮಾತು ಆಡಿದ್ದೆ. ಅದನ್ನು ಆ ಗ್ರಾಹಕರಿಗೆ ತಿಳಿಸಬೇಕಿತ್ತು, ಅಷ್ಟೇ. ‘ಐ ಹ್ಯಾಡ್ ವರ್ಡ್ಸ್ ವಿತ್ ಯುವರ್ ಮ್ಯಾನೇಜರ್’ ಎಂದು ಬರೆದು ಕಳಿಸಿದೆ. ಎರಡು ಮಾತು ಅಂದಮೇಲೆ ‘ವರ್ಡ್ಸ್’ ತಾನೇ? ಹತ್ತೇ ನಿಮಿಷದಲ್ಲಿ ಫೋನ್ ಬಂತು. ಆ ಕಡೆಯವರ ದನಿಯಲ್ಲಿ ಗಾಬರಿ. ಏನಾಯಿತು, ಯಾರದು ತಪ್ಪು, ಅವರು ಏನಾದರೂ ಒರಟಾಗಿ ಮಾತಾಡಿದರಾ ಎಂದು ಒಂದೇ ಸಮ ಕೇಳಿದರು. ನನಗೆ ತಲೆಬುಡ ಅರ್ಥವಾಗಲಿಲ್ಲ.

ಆಮೇಲೆ ಗೊತ್ತಾಯಿತು. ‘ಹ್ಯಾವ್ ಎ ವರ್ಡ್’ ಅಂದರೆ ಸ್ವಲ್ಪ ಮಾತಾಡುವುದು. ‘ಹ್ಯಾವ್ ವರ್ಡ್ಸ್’ ಅಂದರೆ ಮಾತಿಗೆ ಮಾತು ಬೆಳೆದು ಜಗಳ ಆಗುವುದು. ಒಂದು ‘ಎ’ ಬಿಟ್ಟು ಒಂದು ‘ಎಸ್’ ಸೇರಿಸಿದ್ದಕ್ಕೆ ನಾನು ಜಗಳಗಂಟನಾಗಿದ್ದೆ.

ಇಂಥ ಎಡವಟ್ಟಿಗೆ ವ್ಯಾಕರಣ ಬರದಿರುವುದು ಕಾರಣ ಅಂತ ನನಗೆ ಅನ್ನಿಸುವುದಿಲ್ಲ. ಶಾಲೆಯಲ್ಲಿ ನಾವು ಪದಗಳನ್ನು ಬಾಯಿಪಾಠ ಮಾಡಿದ ರೀತಿಯೇ ಕಾರಣ. ‘ಸೇ’ ಅಂದರೆ ಹೇಳು. ‘ಟೆಲ್’ ಅಂದರೆ ಹೇಳು. ‘ಸ್ಪೀಕ್’ ಅಂದರೆ ಮಾತಾಡು. ‘ಟಾಕ್’ ಅಂದರೂ ಮಾತಾಡು. ನಾಲ್ಕು ಪದ, ಎರಡೇ ಅರ್ಥ. ಹಾಗಾದರೆ ಇಂಗ್ಲಿಷಿನವರಿಗೆ ನಾಲ್ಕು ಯಾಕೆ ಬೇಕಿತ್ತು? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಒಂದು ಮಜಾ ಸಿಗುತ್ತದೆ. ಇಂಗ್ಲಿಷ್ ಮಾಡುವ ಭೇದಗಳಲ್ಲಿ ಜಾಸ್ತಿ ಪಾಲು ಕನ್ನಡದಲ್ಲೂ ಇವೆ. ನಾವು ಅವನ್ನು ದಿನವೂ ತಪ್ಪಿಲ್ಲದೆ ಬಳಸುತ್ತೇವೆ. ಇಂಗ್ಲಿಷ್ ಕಲಿಯುವಾಗ ಮಾತ್ರ ಅವನ್ನು ಮರೆತುಬಿಡುತ್ತೇವೆ.

‘ಸೇ’ ಅಂದರೆ ಅನ್ನು, ‘ಟೆಲ್’ ಅಂದರೆ ಹೇಳು

‘ಬರ್ತೀನಿ ಅಂದ.’ ಇದು ಸರಿ. ‘ಕಥೆ ಹೇಳಿದ.’ ಇದೂ ಸರಿ. ಈಗ ‘ಕಥೆ ಅಂದ’ ಅಂತ ಹೇಳಿ ನೋಡಿ. ಕಿವಿಗೆ ಒಗ್ಗುವುದಿಲ್ಲ, ಅಲ್ವಾ? ‘ಗುಟ್ಟು ಅಂದ’, ‘ಸುಳ್ಳು ಅಂದ’ ಕೂಡ ಹಾಗೇ. ‘ಸುಳ್ಳು ಅಂದ’ ಅಂದರೆ ‘ಅದು ಸುಳ್ಳು’ ಎಂದು ನುಡಿದ ಅಂತ ಅರ್ಥವಾಗುತ್ತದೆಯೇ ಹೊರತು ಅವನೇ ಸುಳ್ಳು ಹೇಳಿದ ಅಂತಲ್ಲ.

‘ಅನ್ನು’ ಎಂಬ ಪದಕ್ಕೆ ಬೇಕಾದದ್ದು ಬಾಯಿಂದ ಬಿದ್ದ ಮಾತು. ಕೇಳುವವರು ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ‘ಹೇಳು’ ಹಾಗಲ್ಲ. ಅದರಲ್ಲಿ ಒಂದು ವಿಷಯ ಈ ಕೈಯಿಂದ ಆ ಕೈಗೆ ದಾಟುತ್ತದೆ. ಕಥೆ, ಗುಟ್ಟು, ನಿಜ, ಸುಳ್ಳು, ಜೋಕು, ಸಮಾಚಾರ ಎಲ್ಲವೂ ಹೀಗೆ ದಾಟಿಸುವ ಸರಕು. ಇಂಗ್ಲಿಷಿನ ‘ಸೇ’ ಮತ್ತು ‘ಟೆಲ್’ ನಡುವೆ ಇರುವುದೂ ಇದೇ ಗೆರೆ. ‘ಟೆಲ್ ಎ ಸ್ಟೋರಿ’, ‘ಟೆಲ್ ಎ ಲೈ’, ‘ಟೆಲ್ ದ ಟ್ರೂತ್’. ಇವಕ್ಕೆ ‘ಸೇ’ ಹೊಂದುವುದಿಲ್ಲ. ‘ಸೇ ಯೆಸ್’, ‘ಸೇ ನೋ’, ‘ಸೇ ಸಾರಿ’, ‘ಸೇ ಥ್ಯಾಂಕ್ಸ್’. ಇವಕ್ಕೆ ‘ಟೆಲ್’ ಹೊಂದುವುದಿಲ್ಲ. ನಮ್ಮಲ್ಲಿ ಹೂಂ ಅಂದ, ಉಹೂಂ ಅಂದ, ಸಾರಿ ಅಂದ, ಥ್ಯಾಂಕ್ಸ್ ಅಂದ. ಎಲ್ಲವೂ ‘ಅಂದ’.

ಸರಕು ದಾಟಬೇಕಾದರೆ ತಗೊಳ್ಳುವವರು ಇರಬೇಕು. ಅದಕ್ಕೇ ‘ಟೆಲ್’ ಆದ ತಕ್ಷಣ ಸಾಮಾನ್ಯವಾಗಿ ಒಬ್ಬ ವ್ಯಕ್ತಿ ಬರುತ್ತಾನೆ: ‘ಟೆಲ್ ಮಿ’, ‘ಟೋಲ್ಡ್ ಹರ್’. ನಡುವೆ ‘ಟು’ ಬೇಡ. ‘ಸೇ’ಗೆ ವ್ಯಕ್ತಿಯ ಹಂಗಿಲ್ಲ. ವ್ಯಕ್ತಿಯನ್ನು ತರಲೇಬೇಕಾದರೆ ‘ಟು’ ಎಂಬ ಸೇತುವೆ ಬೇಕು: ‘ಸೆಡ್ ಟು ಮಿ’. ನಮ್ಮಲ್ಲಿ ಬಹಳ ಜನ ಈ ‘ಟು’ವನ್ನು ಅದಲುಬದಲು ಮಾಡುತ್ತಾರೆ. ‘ಹೀ ಸೆಡ್ ಮಿ’ ಅನ್ನುತ್ತಾರೆ, ‘ಹೀ ಟೋಲ್ಡ್ ಟು ಮಿ’ ಅನ್ನುತ್ತಾರೆ. ಎರಡೂ ತಪ್ಪು. ‘ನನಗೆ’ ಎಂಬಲ್ಲಿರುವ ‘ಗೆ’ ಎಲ್ಲಿಗೆ ಹೋಗಬೇಕು ಅಂತ ತಿಳಿಯದೆ ಆಗುವ ಪೇಚಾಟ ಇದು.

ಕನ್ನಡದಲ್ಲಿ ‘ಅಂದ’ ಒಗ್ಗುತ್ತದಾ ‘ಹೇಳಿದ’ ಒಗ್ಗುತ್ತದಾ ಅಂತ ನೋಡಿ ‘ಸೇ’, ‘ಟೆಲ್’ ಆರಿಸುವ ಈ ಪರೀಕ್ಷೆ ಎಷ್ಟು ದೂರ ನಡೆಯುತ್ತದೆ ಅಂತ ನಾನೂ ಸುಮ್ನೆ ಕೂತು ನೋಡಿದ್ದೇನೆ. ‘ಕಾಯೋಕೆ ಹೇಳಿದ’ ಅನ್ನುತ್ತೇವೆ, ‘ಕಾಯೋಕೆ ಅಂದ’ ಅನ್ನುವುದಿಲ್ಲ. ಇಂಗ್ಲಿಷಿನಲ್ಲೂ ‘ಹೀ ಟೋಲ್ಡ್ ಮಿ ಟು ವೇಟ್’. ಗೋಡೆಯ ಮೇಲಿನ ಫಲಕಕ್ಕೆ ಬಾಯಿಲ್ಲ, ಆದರೂ ಇಂಗ್ಲಿಷಿನಲ್ಲಿ ‘ದ ಬೋರ್ಡ್ ಸೇಸ್ ನೋ ಎಂಟ್ರಿ’. ನಮ್ಮಲ್ಲಿ ‘ಬೋರ್ಡಿನಲ್ಲಿ ನೋ ಎಂಟ್ರಿ ಅಂತ ಇದೆ’. ಈ ‘ಅಂತ’ ಯಾರ ಮಗು? ‘ಅನ್ನು’ವಿನದ್ದೇ. ಇಬ್ಬರು ಅವಳಿಗಳಲ್ಲಿ ಯಾರು ಯಾರು ಅಂತ ‘ಹೇಳೋಕಾಗಲ್ಲ’ ಅನ್ನುತ್ತೇವೆ. ಇಂಗ್ಲಿಷಿನವರೂ ಅಲ್ಲಿ ‘ಕಾಂಟ್ ಟೆಲ್’ ಅನ್ನುತ್ತಾರೆ.

ಕೆಲವು ಕಡೆ ಪರೀಕ್ಷೆ ಸೋಲುತ್ತದೆ. ನಾವು ಪ್ರಾರ್ಥನೆ ಹೇಳುತ್ತೇವೆ, ಅವರು ‘ಸೇ ಎ ಪ್ರೇಯರ್’ ಅನ್ನುತ್ತಾರೆ. ವೇದಿಕೆಯ ಮೇಲೆ ಎರಡು ಮಾತು ಹೇಳಿ ಅಂತ ನಾವು ಕರೆದರೆ ಅವರು ‘ಸೇ ಎ ಫ್ಯೂ ವರ್ಡ್ಸ್’ ಅಂತ ಕರೆಯುತ್ತಾರೆ. ಯೋಚಿಸಿದರೆ ಇಲ್ಲೂ ಒಂದು ತರ್ಕ ಇದೆ. ಎರಡೂ ಕಡೆ ಬಾಯಿಂದ ಮಾತು ಹೊರಡುವುದೇ ಮುಖ್ಯ, ಹೊಸ ಸಮಾಚಾರ ದಾಟಿಸುವುದಲ್ಲ. ಇದೇ ತರ್ಕ ಇನ್ನೊಂದು ಜೋಡಿಯಲ್ಲಿ ಚೆನ್ನಾಗಿ ಕಾಣುತ್ತದೆ. ‘ಟೆಲ್ ಮಿ ಯುವರ್ ನೇಮ್’ ಅಂದರೆ ನಿಮ್ಮ ಹೆಸರು ನನಗೆ ಗೊತ್ತಿಲ್ಲ, ತಿಳಿಸಿ. ‘ಸೇ ಯುವರ್ ನೇಮ್’ ಅಂದರೆ ಹೆಸರನ್ನು ಬಾಯಿಬಿಟ್ಟು ನುಡಿಯಿರಿ. ಕೇಳುವವರಿಗೆ ಹೆಸರು ಮೊದಲೇ ಗೊತ್ತಿರಬಹುದು, ಮೈಕ್ ಪರೀಕ್ಷೆ ಮಾಡುತ್ತಿರಬಹುದು, ಉಚ್ಚಾರ ಹೇಗೆ ಅಂತ ನೋಡುತ್ತಿರಬಹುದು.

‘ಟೆಲ್’ ಬಗ್ಗೆ ಇನ್ನೊಂದು ವಿಷಯ. ಹಳೆಯ ಇಂಗ್ಲಿಷಿನಲ್ಲಿ ಈ ಪದಕ್ಕೆ ಎಣಿಸು ಎಂಬ ಅರ್ಥವೂ ಇತ್ತು. ಬ್ಯಾಂಕಿನಲ್ಲಿ ದುಡ್ಡು ಎಣಿಸಿ ಕೊಡುವವರು ‘ಟೆಲ್ಲರ್’ ಆದದ್ದು ಹೀಗೆ. ಅವರು ಯಾರಿಗೂ ಕಥೆ ಹೇಳುವುದಿಲ್ಲ. ‘ಆಲ್ ಟೋಲ್ಡ್’ ಅಂದರೆ ‘ಎಲ್ಲ ಎಣಿಸಿದರೆ ಒಟ್ಟು’ ಎಂದರ್ಥ. ಜರ್ಮನ್ ಭಾಷೆಯಲ್ಲಿ ಇಂದಿಗೂ ‘ತ್ಸೇಲೆನ್’ ಅಂದರೆ ಎಣಿಸು, ‘ಎರ್‌ತ್ಸೇಲೆನ್’ ಅಂದರೆ ಕಥೆ ಹೇಳು. ಒಂದಾದ ಮೇಲೆ ಒಂದು ಅಂತ ಜೋಡಿಸುವುದು ಎರಡಕ್ಕೂ ಸಮಾನ. ನಮ್ಮ ‘ಎಣಿಸು’ ಕೂಡ ಲೆಕ್ಕದಲ್ಲೇ ನಿಂತಿಲ್ಲ. ‘ಎಣಿಸಿದ್ದೊಂದು, ಆಗಿದ್ದೊಂದು’ ಅನ್ನುವಾಗ ಯಾರೂ ಸಂಖ್ಯೆ ಎಣಿಸಿರುವುದಿಲ್ಲ.

‘ಅನ್ನು’ ಮತ್ತು ‘ಸೇ’ ಎಷ್ಟು ಹತ್ತಿರದ ನೆಂಟರು ಅಂತ ನೋಡಬೇಕಾದರೆ ಮಾತಿನ ನಡುವೆ ಬರುವ ಸಣ್ಣಪುಟ್ಟ ಜೋಡಣೆಗಳನ್ನು ನೋಡಬೇಕು. ನಾವು ದಿನಕ್ಕೆ ನೂರು ಸಲ ಬಳಸುವ ‘ಅಂದರೆ’ ಎಲ್ಲಿಂದ ಬಂತು? ‘ಅನ್ನು’ವಿನಿಂದ. ಇಂಗ್ಲಿಷಿನಲ್ಲಿ ಆ ಜಾಗಕ್ಕೆ ‘ದ್ಯಾಟ್ ಈಸ್ ಟು ಸೇ’. ಒಂದು ನೂರು ರೂಪಾಯಿ ಅಂದುಕೊಳ್ಳೋಣ: ‘ಲೆಟ್ಸ್ ಸೇ’. ಜನ ಹಾಗಂತಾರೆ: ‘ದೇ ಸೇ’. ಹಾಗಂದಮಾತ್ರಕ್ಕೆ: ‘ದ್ಯಾಟ್ ಸೆಡ್’. ‘ಅಂದಹಾಗೆ’ಗೆ ಮಾತ್ರ ಅವರು ‘ಬೈ ದ ವೇ’ ಅಂತ ದಾರಿ ಹಿಡಿದು ಹೋಗುತ್ತಾರೆ.

‘ಟೆಲ್ ಮಿ ಅಬೌಟ್ ಇಟ್’ ಎಂಬ ಮಾತಿನಲ್ಲಿ ಹುಷಾರಾಗಿರಬೇಕು. ‘ಈ ಟ್ರಾಫಿಕ್ಕಲ್ಲಿ ಸಾಕಾಯ್ತು’ ಅಂತ ನೀವು ಗೋಳು ಹೇಳಿಕೊಂಡಾಗ ಎದುರಿನವರು ಹೀಗಂದರೆ ವಿವರ ಕೇಳುತ್ತಿದ್ದಾರೆ ಅಂತಲ್ಲ. ‘ಅದನ್ನ ನನಗೆ ಹೇಳ್ತೀರಾ!’ ಅಂತ. ಅವರೂ ಅದೇ ಕಷ್ಟದಲ್ಲಿದ್ದಾರೆ. ‘ಯು ಡೋಂಟ್ ಸೇ’ ಅಂದರೂ ಹಾಗೇ, ‘ನೀವು ಹೇಳುವುದಿಲ್ಲ’ ಅಂತಲ್ಲ, ‘ಹೌದಾ!’ ಅಂತ.

ಮಾತಾಡುವವರ ನಡುವಿನ ದೂರ

‘ಸ್ಪೀಕ್’ ಮತ್ತು ‘ಟಾಕ್’ ವಿಷಯದಲ್ಲಿ ಕನ್ನಡ ಅಷ್ಟು ನೇರವಾಗಿ ಕೈಹಿಡಿಯುವುದಿಲ್ಲ. ಎರಡೂ ಮಾತಾಡುವುದೇ. ಆದರೂ ಒಂದು ಅಂದಾಜು ಕೊಡಬಹುದು. ಸಭೆಯಲ್ಲಿ ಎದ್ದು ನಿಂತು ಮಾತಾಡಿದರೆ ‘ಸ್ಪೀಕ್’. ಹರಟುತ್ತಾ ಕೂತರೆ ‘ಟಾಕ್’. ಮೊದಲನೆಯದರಲ್ಲಿ ಮಾತು ಒಂದೇ ಕಡೆಯಿಂದ ಹೊರಟರೂ ಸಾಕು. ಎರಡನೆಯದರಲ್ಲಿ ಸಾಮಾನ್ಯವಾಗಿ ಹೋಗಿಬಂದು ಮಾಡುತ್ತದೆ. ಭಾಷೆ ಬರುತ್ತದೆ ಅನ್ನಲು ಯಾವಾಗಲೂ ‘ಸ್ಪೀಕ್’: ‘ಷೀ ಸ್ಪೀಕ್ಸ್ ಕನ್ನಡ’. ಮಗು ಮಾತು ಕಲಿಯಿತು ಅನ್ನಲು ‘ಟಾಕ್’.

ಫೋನಿನಲ್ಲಿ ‘ಮೇ ಐ ಸ್ಪೀಕ್ ಟು’ ಅಂತ ಕೇಳುವುದು ಮರ್ಯಾದೆ. ನೀವೇ ಆ ವ್ಯಕ್ತಿಯಾಗಿದ್ದರೆ ‘ಸ್ಪೀಕಿಂಗ್’ ಅಂದರೆ ಮುಗಿಯಿತು, ‘ಹೌದು, ನಾನೇ’ ಅಂದಹಾಗೆ. ಆದರೆ ಮನೆಯವರೋ ಮೇಲಧಿಕಾರಿಯೋ ‘ವೀ ನೀಡ್ ಟು ಟಾಕ್’ ಅಂದರೆ ಎದೆ ಸ್ವಲ್ಪ ಗಟ್ಟಿ ಮಾಡಿಕೊಳ್ಳಿ. ಪದಗಳು ಸಾಧಾರಣ, ಸುದ್ದಿ ಸಾಧಾರಣದ್ದಲ್ಲ. ನಮ್ಮಲ್ಲೂ ‘ನಿನ್ನ ಹತ್ರ ಸ್ವಲ್ಪ ಮಾತಾಡೋದಿತ್ತು’ ಅಂದಾಗ ಹೊಟ್ಟೆಯಲ್ಲಿ ಏನೋ ಆಗುತ್ತದಲ್ಲ, ಅದೇ.

‘ಟಾಕ್’ ಬಹುವಚನವಾದರೆ ದೊಡ್ಡವರ ಮನೆ ಸೇರುತ್ತದೆ. ‘ಪೀಸ್ ಟಾಕ್ಸ್’ ಅಂದರೆ ಶಾಂತಿ ಮಾತುಕತೆ. ಇಬ್ಬರು ಗೆಳೆಯರು ‘ಟಾಕ್ಸ್’ ನಡೆಸುವುದಿಲ್ಲ, ಎರಡು ಸರ್ಕಾರಗಳು ನಡೆಸುತ್ತವೆ. ನಮ್ಮ ‘ಮಾತುಕತೆ’ ಎರಡೂ ಕಡೆ ಸಲ್ಲುತ್ತದೆ, ಅದು ಕನ್ನಡದ ಅನುಕೂಲ.

ಮಾತು ಬಿಟ್ಟವರ ಬಗ್ಗೆ ಹೇಳುವಾಗ ಇಂಗ್ಲಿಷಿನಲ್ಲಿ ‘ನಾಟ್ ಆನ್ ಸ್ಪೀಕಿಂಗ್ ಟರ್ಮ್ಸ್’ ಅನ್ನುತ್ತಾರೆ. ಎದುರು ಮಾತಾಡಿದರೆ ‘ಟಾಕ್ ಬ್ಯಾಕ್’. ಪುಸಲಾಯಿಸಿ ಒಪ್ಪಿಸಿದರೆ ‘ಟಾಕ್ ಇಂಟು’, ಬೇಡ ಅಂತ ಮನಸ್ಸು ತಿರುಗಿಸಿದರೆ ‘ಟಾಕ್ ಔಟ್ ಆಫ್’. ಯಾರ ಬಗ್ಗೆಯೋ ಮಾತಾಡುತ್ತಿರುವಾಗ ಅವರೇ ಬಂದುಬಿಟ್ಟರೆ ನಾವು ‘ನಿಮಗೆ ನೂರು ವರ್ಷ ಆಯಸ್ಸು’ ಅನ್ನುತ್ತೇವೆ. ಅವರು ‘ಸ್ಪೀಕ್ ಆಫ್ ದ ಡೆವಿಲ್’ ಅನ್ನುತ್ತಾರೆ. ಒಂದೇ ಸಂದರ್ಭ. ನಾವು ಆಯಸ್ಸು ಕೊಡುತ್ತೇವೆ, ಅವರು ದೆವ್ವ ಮಾಡುತ್ತಾರೆ. ಈ ಒಂದು ವಿಷಯದಲ್ಲಿ ನನ್ನ ಮತ ಕನ್ನಡಕ್ಕೆ.

ಇನ್ನು ‘ಸ್ಪೀಕರ್’. ಸದನದಲ್ಲಿ ಎಲ್ಲರಿಗಿಂತ ಕಡಿಮೆ ಭಾಷಣ ಮಾಡುವವರಿಗೆ ಈ ಹೆಸರು ಯಾಕೆ ಬಂತು ಅಂತ ನನಗೆ ಬಹಳ ದಿನ ತಮಾಷೆಯಾಗಿತ್ತು. ಇಂಗ್ಲೆಂಡಿನಲ್ಲಿ ಸಂಸತ್ತಿನ ಸದಸ್ಯರ ಪರವಾಗಿ ರಾಜನ ಮುಂದೆ ಮಾತಾಡುವುದು ಆ ವ್ಯಕ್ತಿಯ ಕೆಲಸವಾಗಿತ್ತು. ಈ ಬಿರುದಿನ ಮೊದಲ ವ್ಯಕ್ತಿ ಅಂತ ದಾಖಲಾಗಿರುವವರು 1377ರ ಸರ್ ಥಾಮಸ್ ಹಂಗರ್‌ಫರ್ಡ್. ರಾಜ ಕೇಳಲಿಕ್ಕೆ ಇಷ್ಟಪಡದ ಮಾತನ್ನು ರಾಜನಿಗೇ ಹೇಳಬೇಕಿದ್ದ ಕೆಲಸ, ಸುಲಭದ್ದಲ್ಲ. ‘ಪಾರ್ಲಿಮೆಂಟ್’ ಕೂಡ ಮಾತಾಡು ಎಂಬರ್ಥದ ಫ್ರೆಂಚ್ ಪದದಿಂದಲೇ ಬಂದದ್ದು. ‘ಪಾರ್ಲರ್’ ಅಂದರೂ ಮೊದಲು ಮಠಗಳಲ್ಲಿ ಮಾತಾಡಲು ಬಿಟ್ಟಿದ್ದ ಕೋಣೆ. ಪತ್ರಿಕೆಗಳಲ್ಲಿ ನಾವು ಓದುವ ಕೈದಿಗಳ ‘ಪರೋಲ್’ ಇದೇ ಮನೆತನದ್ದು. ಫ್ರೆಂಚಿನಲ್ಲಿ ಆ ಪದಕ್ಕೆ ಮಾತು ಅಂತಲೇ ಅರ್ಥ. ವಾಪಸ್ ಬರುತ್ತೇನೆ ಅಂತ ಮಾತು ಕೊಟ್ಟು ಹೋಗುವುದು.

ಒಡನಾಟದಿಂದ ಜಾಲಾಟದವರೆಗೆ

‘ಕಾನ್ವರ್ಸೇಶನ್’ ಅನ್ನುವ ಪದಕ್ಕೆ ಮೊದಲು ಮಾತಿನ ಜೊತೆ ಅಂಥ ನಂಟೇ ಇರಲಿಲ್ಲ. ಲ್ಯಾಟಿನ್ನಿನಲ್ಲಿ ಅದರ ಮೂಲಕ್ಕೆ ಒಬ್ಬರ ಜೊತೆ ಓಡಾಡಿಕೊಂಡಿರು, ಕೂಡಿ ಬಾಳು ಎಂಬ ಅರ್ಥ. ಕನ್ನಡದಲ್ಲಿ ಅದಕ್ಕೆ ಅಳತೆ ಹಾಕಿ ಹೊಲಿದಂಥ ಪದವಿದೆ: ಒಡನಾಟ. 1611ರಲ್ಲಿ ಅಚ್ಚಾದ ಇಂಗ್ಲಿಷ್ ಬೈಬಲ್ಲಿನಲ್ಲಿ ‘ಕಾನ್ವರ್ಸೇಶನ್’ ಅಂದರೆ ನಡೆದುಕೊಳ್ಳುವ ರೀತಿ, ನಡತೆ. ಹಳೆಯದನ್ನು ಓದುವಾಗ ಈಗಿನ ಅರ್ಥ ಇಟ್ಟುಕೊಂಡರೆ ವಾಕ್ಯ ದಾರಿ ತಪ್ಪುತ್ತದೆ. ಇಂಗ್ಲಿಷ್ ಕಾನೂನಿನಲ್ಲಿ ‘ಕ್ರಿಮಿನಲ್ ಕಾನ್ವರ್ಸೇಶನ್’ ಎಂಬ ದಾವೆಯೊಂದಿತ್ತು. ಕ್ರಿಮಿನಲ್‌ಗಳ ಮಾತುಕತೆ ಅಂತ ತಿಳಿಯಬೇಡಿ. ಇನ್ನೊಬ್ಬರ ಹೆಂಡತಿಯ ಜೊತೆ ಸಂಬಂಧ ಇಟ್ಟುಕೊಂಡವನ ಮೇಲೆ ಗಂಡ ಹೂಡುತ್ತಿದ್ದ ಮೊಕದ್ದಮೆ ಅದು. ಇಂಗ್ಲೆಂಡಿನಲ್ಲಿ 1857ರಲ್ಲಿ ಅದನ್ನು ತೆಗೆದುಹಾಕಿದರು.

ಈಗ ಅದು ಬರೀ ಮಾತುಕತೆ. ಯಾವ ಕ್ರಿಯಾಪದದ ಜೊತೆ ಕೂರಿಸುತ್ತೀರಿ ಎಂಬುದರ ಮೇಲೆ ಬಣ್ಣ ಬದಲಾಗುತ್ತದೆ. ‘ಹ್ಯಾವ್ ಎ ಕಾನ್ವರ್ಸೇಶನ್’ ಸಾಮಾನ್ಯ. ಗುರುತಿಲ್ಲದವರನ್ನು ಮಾತಿಗೆಳೆದರೆ ‘ಸ್ಟ್ರೈಕ್ ಅಪ್’. ಸುಮ್ಮನೆ ಕೂರಲಾಗದೆ, ಮಾತಿಲ್ಲದಿದ್ದರೂ ಏನೋ ಒಂದು ಎಳೆದು ತಂದು ಮಾತಾಡಿದರೆ ‘ಮೇಕ್ ಕಾನ್ವರ್ಸೇಶನ್’. ನಾವು ‘ಮಾಡು’ ಇದೆಯಲ್ಲ ಅಂತ ‘ಡೂ’ ಹಾಕಿದರೆ ಆಗುವುದಿಲ್ಲ. ‘ಕಾನ್ವರ್ಸ್’ ಎಂಬ ಕ್ರಿಯಾಪದ ಇದ್ದರೂ ಅದು ಪುಸ್ತಕದ ಪದ. ಗೆಳೆಯರ ಜೊತೆ ‘ಕಾನ್ವರ್ಸ್’ ಮಾಡಿದೆ ಅಂದರೆ ‘ಸಂಭಾಷಿಸಿದೆ’ ಅಂದಹಾಗೆ ಕೇಳಿಸುತ್ತದೆ.

‘ಡಿಸ್ಕಸ್’ ಪದದ ತಪ್ಪು ನಮ್ಮಲ್ಲಿ ಎಷ್ಟು ಬೇರು ಬಿಟ್ಟಿದೆ ಅಂದರೆ, ಸರಿಯಾಗಿ ಹೇಳಿದರೇ ಏನೋ ಬಿಟ್ಟುಹೋದಂತೆ ಅನಿಸುತ್ತದೆ. ‘ಲೆಟ್ ಅಸ್ ಡಿಸ್ಕಸ್ ಅಬೌಟ್ ದಿಸ್’ ಅನ್ನುತ್ತೇವೆ. ‘ಬಗ್ಗೆ ಚರ್ಚಿಸೋಣ’ ಎಂಬುದರ ‘ಬಗ್ಗೆ’ ಅಲ್ಲಿ ನುಸುಳಿದೆ. ‘ಅಬೌಟ್’ ಬೇಡ. ಯಾಕೆ ಬೇಡ ಅಂತ ನೆನಪಿಟ್ಟುಕೊಳ್ಳಲು ನನಗೆ ನೆರವಾದದ್ದು ಪದದ ಹುಟ್ಟು. ಲ್ಯಾಟಿನ್ನಿನಲ್ಲಿ ಇದರ ಅರ್ಥ ಅಲ್ಲಾಡಿಸಿ ಬಿಡಿಬಿಡಿ ಮಾಡು. ತಾಳವಾದ್ಯಕ್ಕೆ ‘ಪರ್ಕಶನ್’ ಅನ್ನುತ್ತೇವಲ್ಲ, ತಲೆಗೆ ಪೆಟ್ಟಾದರೆ ಡಾಕ್ಟರು ‘ಕಂಕಶನ್’ ಅನ್ನುತ್ತಾರಲ್ಲ, ಅವೂ ಇದೇ ಬೇರಿನವು. ಕನ್ನಡದಲ್ಲಿ ಹೇಳಬೇಕೆಂದರೆ ‘ಡಿಸ್ಕಸ್’ ಅಂದರೆ ಜಾಲಾಡು. ವಿಷಯವನ್ನು ಜಾಲಾಡುತ್ತೀರಿ. ವಿಷಯದ ಬಗ್ಗೆ ಜಾಲಾಡುತ್ತೀರಾ? ಇಲ್ಲ. ಅಲ್ಲಿಗೆ ‘ಅಬೌಟ್’ ತಾನಾಗಿ ಉದುರಿತು. ನಾಮಪದವಾದಾಗ ಮಾತ್ರ ಬೇಕು: ‘ಎ ಡಿಸ್ಕಶನ್ ಅಬೌಟ್’.

‘ಎಕ್ಸ್‌ಪ್ಲೇನ್ ಮಿ’ ಇನ್ನೊಂದು. ‘ಟೆಲ್ ಮಿ’ ಸರಿಯಾದರೆ ಇದ್ಯಾಕೆ ತಪ್ಪು ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಬಳಕೆ ಹಾಗಿದೆ, ‘ಎಕ್ಸ್‌ಪ್ಲೇನ್ ಟು ಮಿ’ ಅನ್ನಬೇಕು. ‘ರಿಪ್ಲೈ’ಗೂ ‘ಟು’ ಬೇಕು, ‘ಆನ್ಸರ್’ಗೆ ಬೇಡ. ಇವನ್ನು ಬಳಸಿ ಬಳಸಿಯೇ ರೂಢಿ ಮಾಡಿಕೊಳ್ಳಬೇಕು, ಸೂತ್ರ ಇಲ್ಲ.

‘ಡಿಬೇಟ್’ನಲ್ಲಿ ಹೊಡೆತ ಅಡಗಿದೆ. ಹೊಡೆ, ಬಡಿ ಎಂಬ ಹಳೆಯ ಫ್ರೆಂಚ್ ಪದದಿಂದ ಹುಟ್ಟಿದ್ದು. ‘ಡಯಲಾಗ್’ ಅಂದರೆ ಇಬ್ಬರ ಮಾತು ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲಿರುವ ಗ್ರೀಕ್ ‘ಡಿಯಾ’ಗೆ ಎರಡು ಅಂತ ಅರ್ಥವಿಲ್ಲ, ಮೂಲಕ, ನಡುವೆ ಅಂತ ಅರ್ಥ. ಹಾಗಾಗಿ ಐದು ಜನ ಕೂತರೂ ಡಯಲಾಗ್ ನಡೆಯಬಹುದು.

ನನಗೆ ಎಲ್ಲಕ್ಕಿಂತ ಇಷ್ಟವಾದ ಕಥೆ ‘ಆರ್ಗ್ಯೂ’ವಿನದ್ದು. ಇದರ ಲ್ಯಾಟಿನ್ ಮೂಲಕ್ಕೆ ಸ್ಪಷ್ಟಪಡಿಸು, ಬೆಳಕಿಗೆ ತರು ಎಂಬ ಅರ್ಥ. ಭಾಷಾಶಾಸ್ತ್ರಜ್ಞರು ಸಾಮಾನ್ಯವಾಗಿ ಇದನ್ನು ಬಿಳಿ, ಹೊಳೆಯುವುದು ಎಂಬರ್ಥದ ಒಂದು ಪುರಾತನ ಬೇರಿಗೆ ಜೋಡಿಸುತ್ತಾರೆ. ಬೆಳ್ಳಿಯ ಲ್ಯಾಟಿನ್ ಹೆಸರು ‘ಆರ್ಜೆಂಟಮ್’ ಹುಟ್ಟಿದ್ದೂ ಅದೇ ಬೇರಿನಿಂದ. ಸಂಸ್ಕೃತದಲ್ಲಿ ಬಿಳಿ ಎಂಬರ್ಥದ ‘ಅರ್ಜುನ’ ಹುಟ್ಟಿದ್ದೂ ಅಲ್ಲಿಂದಲೇ. ಅರ್ಜುನನಿಗೂ ‘ಆರ್ಗ್ಯುಮೆಂಟ್’ಗೂ ದೂರದ ನೆಂಟಸ್ತಿಕೆ! ಇವತ್ತಿನ ಬಳಕೆಯಲ್ಲಿ ಮಾತ್ರ ಇದಕ್ಕೆ ಎರಡು ಮುಖ. ‘ಆರ್ಗ್ಯೂಡ್ ದ್ಯಾಟ್’ ಅಂದರೆ ವಾದ ಮಂಡಿಸಿದ. ‘ಆರ್ಗ್ಯೂಡ್ ವಿತ್’ ಅಂದರೆ ಹೆಚ್ಚಾಗಿ ಜಗಳಾಡಿದ. ವಾದ ಮತ್ತು ಜಗಳ ಬೇರೆ ಅಂತ ಕನ್ನಡ ಎರಡು ಪದ ಇಟ್ಟುಕೊಂಡಿದೆ. ಇಂಗ್ಲಿಷ್ ಒಂದೇ ಪದದಲ್ಲಿ ಸುಧಾರಿಸಿಕೊಂಡು ‘ದ್ಯಾಟ್’, ‘ವಿತ್’ಗಳ ಕೈಗೆ ಕೆಲಸ ವಹಿಸಿದೆ.

‘ಗಾಸಿಪ್’ ಕೂಡ ಮರ್ಯಾದಸ್ಥ ಪದವಾಗಿಯೇ ಹುಟ್ಟಿತು. ಕ್ರೈಸ್ತರಲ್ಲಿ ಮಗುವಿನ ನಾಮಕರಣದ ದೀಕ್ಷೆಯಲ್ಲಿ ದೇವರ ಸಾಕ್ಷಿಯಾಗಿ ಬಂಧುವಾಗುವವರಿಗೆ ಆ ಹೆಸರಿತ್ತು. ‘ಸಿಬ್ಲಿಂಗ್’ನಲ್ಲಿರುವ ‘ಸಿಬ್’ ಅದರ ಬಾಲದಲ್ಲೂ ಇದೆ. ಆಮೇಲೆ ಆಪ್ತ ಗೆಳತಿ ಎಂದಾಯಿತು, ಹೆರಿಗೆಯ ಹೊತ್ತಿಗೆ ಜೊತೆಗೆ ಬಂದು ಕೂರುವ ಹೆಂಗಸರಿಗೂ ಸಂದಿತು. ಹೆಂಗಸರು ಕೂತು ಮಾತಾಡಿದ್ದನ್ನು ಕಾಡುಹರಟೆ ಅಂತ ಕರೆದವರು ಯಾರಿರಬಹುದು ಅಂತ ಊಹಿಸುವುದು ಕಷ್ಟವಲ್ಲ.

ದನಿಯಿಂದಲೇ ಹುಟ್ಟಿದ ಪದಗಳು ನಮಗೆ ಬೇಗ ಒಗ್ಗುತ್ತವೆ. ‘ವಿಸ್ಪರ್’ ಅಂದರೆ ಪಿಸುಗುಟ್ಟು, ‘ಮಟರ್’ ಅಂದರೆ ಗೊಣಗು, ‘ಚ್ಯಾಟರ್’ ಅಂದರೆ ವಟಗುಟ್ಟು. ಆ ‘ಚ್ಯಾಟರ್’ನ ಬಾಲ ಕತ್ತರಿಸಿದ್ದೇ ನಮ್ಮೆಲ್ಲರ ಫೋನಿನಲ್ಲಿರುವ ‘ಚಾಟ್’.

ಕೇಳುವ ಕಡೆಯವರು

ಮಾತಿನ ಇನ್ನೊಂದು ತುದಿಯಲ್ಲಿ ಕೇಳುವವರಿದ್ದಾರೆ. ಕನ್ನಡದ ‘ಕೇಳು’ ಪ್ರಶ್ನೆ ಕೇಳುತ್ತದೆ, ಹಾಡು ಕೇಳುತ್ತದೆ, ದೊಡ್ಡವರ ಮಾತನ್ನೂ ಕೇಳುತ್ತದೆ. ಇಂಗ್ಲಿಷಿನಲ್ಲಿ ಪ್ರಶ್ನೆಗೆ ‘ಆಸ್ಕ್’ ಬೇರೆ. ‘ಆಸ್ಕ್ ಹಿಮ್’ ಅನ್ನಬೇಕು, ನಡುವೆ ‘ಟು’ ಬೇಡ. ಪ್ರಶ್ನೆ ಇದ್ದಾಗ ನಾವು ‘ಐ ಹ್ಯಾವ್ ಎ ಡೌಟ್’ ಅನ್ನುವುದು ವಾಡಿಕೆ. ಹೊರಗಿನವರಿಗೆ ಅದು ‘ನಿಮ್ಮ ಮಾತಿನ ಮೇಲೆ ನನಗೆ ಅನುಮಾನ’ ಅಂದಹಾಗೆ ಕೇಳಿಸಬಹುದು. ‘ಕ್ವೆಶ್ಚನ್’ ಅಂದರೆ ಸಾಕು.

‘ಹಿಯರ್’ ಮತ್ತು ‘ಲಿಸನ್’ ಭೇದಕ್ಕೆ ಕನ್ನಡದ ಕಿವಿ ನೋಡಿ. ಕಿವಿಗೆ ಬೀಳುವುದು ‘ಹಿಯರ್’. ಕಿವಿ ಕೊಡುವುದು ‘ಲಿಸನ್’. ಮೊದಲನೆಯದು ತಾನಾಗಿ ಆಗುತ್ತದೆ, ಎರಡನೆಯದನ್ನು ನಾವು ಮಾಡುತ್ತೇವೆ. ವಿಡಿಯೋ ಕಾಲ್‌ನಲ್ಲಿ ದನಿ ಬರುತ್ತಿದೆಯಾ ಅಂತ ಕೇಳಬೇಕಾದವರು ‘ಆರ್ ಯು ಲಿಸನಿಂಗ್ ಟು ಮಿ?’ ಅಂದರೆ, ಪಾಠದ ನಡುವೆ ಮೇಷ್ಟ್ರು ಗದರಿದಂತೆ ಆಗುತ್ತದೆ. ಅಲ್ಲಿ ಬೇಕಾದದ್ದು ‘ಕ್ಯಾನ್ ಯು ಹಿಯರ್ ಮಿ?’.

ಸರಿಯಾಗಿ ಕೇಳಿಸದಿದ್ದರೆ ಮಾತ್ರ ಜಗತ್ತೆಲ್ಲ ಹೆಚ್ಚುಕಡಿಮೆ ಒಂದೇ. ಇಂಗ್ಲಿಷಿನ ‘ಹಹ್?’, ನಮ್ಮ ‘ಹಾಂ?’. ಸಂಬಂಧವಿಲ್ಲದ ಎಷ್ಟೋ ಭಾಷೆಗಳಲ್ಲಿ ಈ ದನಿ ಹೋಲುತ್ತದೆ ಅಂತ 2013ರಲ್ಲಿ ಭಾಷಾವಿಜ್ಞಾನಿಗಳು ತೋರಿಸಿದರು. ಇನ್ನೊಂದು ಅಧ್ಯಯನ 2009ರದ್ದು. ಹತ್ತು ಭಾಷೆಗಳಲ್ಲಿ ಒಬ್ಬರು ಪ್ರಶ್ನೆ ಮುಗಿಸಿ ಇನ್ನೊಬ್ಬರು ಉತ್ತರ ಶುರು ಮಾಡುವ ನಡುವಿನ ಅಂತರ ಅಳೆದರು. ಸರಾಸರಿ ಬಂದದ್ದು ಸುಮಾರು 200 ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಐದನೇ ಒಂದು ಪಾಲು. ಹೆಚ್ಚುಕಡಿಮೆ ಕಣ್ಣು ಮಿಟುಕಿಸುವಷ್ಟು ಹೊತ್ತು.

ಅಷ್ಟು ಬೇಗ ಉತ್ತರ ಬರದಿದ್ದರೆ ಅದಕ್ಕೂ ಅರ್ಥ ಇದೆ. ‘ಬರ್ತೀರಾ?’ ಅಂತ ಕೇಳಿದಾಗ ಬರುವವರು ಥಟ್ಟನೆ ಹೂಂ ಅನ್ನುತ್ತಾರೆ. ಬಾರದವರು ಎಳೆಯುತ್ತಾರೆ: ‘ಅದು... ಏನಂದ್ರೆ...’. ಇಂಗ್ಲಿಷಿನಲ್ಲಿ ಆ ಎಳೆತದ ಹೆಸರು ‘ವೆಲ್’. ಪಠ್ಯಪುಸ್ತಕದಲ್ಲಿ ‘ವೆಲ್’ ಅಂದರೆ ಚೆನ್ನಾಗಿ, ಇಲ್ಲಾ ಬಾವಿ. ಮಾತಿನಲ್ಲಿ ವಾಕ್ಯ ‘ವೆಲ್’ನಿಂದ ಶುರುವಾದರೆ ಹೆಚ್ಚಾಗಿ ‘ಇಲ್ಲ’ ಬರುತ್ತಿದೆ ಅಂತ ತಿಳಿಯಿರಿ.

ನಮ್ಮ ‘ಅಲ್ವಾ’ ಬಗ್ಗೆ ಎರಡು ಮಾತು. ಒಂದೇ ‘ಅಲ್ವಾ’ ಎಲ್ಲ ವಾಕ್ಯಕ್ಕೂ ಸಾಲುತ್ತದೆ. ಇಂಗ್ಲಿಷಿನಲ್ಲಿ ವಾಕ್ಯ ನೋಡಿಕೊಂಡು ಬಾಲ ಹಚ್ಚಬೇಕು: ‘ಆರಂಟ್ ಯು’, ‘ಡಿಡಂಟ್ ಷೀ’, ‘ಕಾಂಟ್ ವೀ’. ನಾವು ಎಲ್ಲಕ್ಕೂ ‘ಈಸಂಟ್ ಇಟ್’ ಹಚ್ಚುತ್ತೇವೆ. ಶಿಷ್ಟ ಇಂಗ್ಲಿಷಿಗೆ ಇದು ತಪ್ಪು. ಆದರೆ ಲಂಡನ್ನಿನ ಹುಡುಗರ ಬಾಯಲ್ಲಿ ‘ಇನಿಟ್’ ಎಂಬ ಒಂದೇ ಬಾಲ ಎಲ್ಲೆಡೆ ಓಡಾಡುತ್ತಿದೆ. ಅಷ್ಟರಮಟ್ಟಿಗೆ ನಮಗೆ ಸಮಾಧಾನ.

ಅರ್ಥಕ್ಕಲ್ಲ, ನಂಟಿಗಾಗಿ ಆಡುವ ಮಾತುಗಳೂ ಇವೆ. ಹವಾಮಾನದ ಮಾತು, ‘ಹೌ ಆರ್ ಯು’ ಎಲ್ಲ ಈ ಗುಂಪಿನವು. ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿ 1923ರಲ್ಲೇ ಇಂಥ ಮಾತಿಗೆ ಒಂದು ಹೆಸರಿಟ್ಟು, ಇದರ ಕೆಲಸ ಸಮಾಚಾರ ಕೊಡುವುದಲ್ಲ, ಜನರನ್ನು ಬೆಸೆಯುವುದು ಅಂದ. ಹಳೆಕಾಲದ ‘ಹೌ ಡು ಯು ಡೂ’ಗೆ ಉತ್ತರವೂ ‘ಹೌ ಡು ಯು ಡೂ’. ಇಬ್ಬರೂ ಕೇಳುತ್ತಾರೆ, ಇಬ್ಬರೂ ಉತ್ತರ ಕೊಡುವುದಿಲ್ಲ. ಫೋನ್ ಬಂದ ಹೊಸತರಲ್ಲಿ ಮೊದಲ ಮಾತು ಏನಿರಬೇಕು ಎಂಬುದೇ ಚರ್ಚೆಯಾಗಿತ್ತು. ಗ್ರಹಾಂ ಬೆಲ್‌ಗೆ ಹಡಗಿನವರ ‘ಅಹಾಯ್’ ಇಷ್ಟ. ಎಡಿಸನ್ 1877ರಲ್ಲಿ ‘ಹಲೋ’ ಸಾಕು ಅಂತ ಬರೆದ. ಯಾರು ಗೆದ್ದರು ಅಂತ ಗೊತ್ತೇ ಇದೆ.

ಮಾತು ಶುರು ಮಾಡುವುದಕ್ಕಿಂತ ಮುಗಿಸುವುದು ಕಷ್ಟ. ಸಮಾಜಶಾಸ್ತ್ರಜ್ಞರಾದ ಇಮ್ಯಾನುಯೆಲ್ ಶೆಗ್ಲಾಫ್ ಮತ್ತು ಹಾರ್ವೆ ಸ್ಯಾಕ್ಸ್ 1973ರಲ್ಲಿ ಇದರ ಮೇಲೆಯೇ ಒಂದು ಪ್ರಬಂಧ ಬರೆದರು. ಯಾರೂ ಥಟ್ಟನೆ ‘ಬೈ’ ಅಂತ ಇಟ್ಟುಬಿಡುವುದಿಲ್ಲ. ಮೊದಲು ಒಬ್ಬರು ‘ಓಕೆ’, ‘ವೆಲ್’ ಎಂದು ಸುಳಿವು ಕೊಡುತ್ತಾರೆ, ಇನ್ನೊಬ್ಬರೂ ‘ಓಕೆ’ ಅನ್ನುತ್ತಾರೆ, ಆಮೇಲೆ ಬೈ. ನಮ್ಮಲ್ಲೂ ‘ಸರಿ ಮತ್ತೆ’, ‘ಹೂಂ, ಸರಿ’, ‘ಇಡ್ಲಾ?’ ಅಂತ ಮೂರು ಮೆಟ್ಟಿಲು ಇಳಿಯಬೇಕು.

ಇಂಗ್ಲಿಷಿನಲ್ಲಿ ಆ ಮೆಟ್ಟಿಲಿನ ಹೆಸರು ‘ಎನಿವೇ’. ನನಗೆ ಅದು ‘ಹೇಗಾದರೂ’ ಅಂತ ಮಾತ್ರ ಗೊತ್ತಿತ್ತು. ‘ವರ್ಡ್ಸ್’ ಗಲಾಟೆ ತಣ್ಣಗಾದ ಮೇಲೆ ಅದೇ ಗ್ರಾಹಕರು ಒಂದು ಸಂಜೆ ಫೋನ್ ಮಾಡಿದ್ದರು. ಕೆಲಸದ ಮಾತು ಮುಗಿಯಿತು. ‘ಎನಿವೇ’ ಅಂದರು. ನಾನು ಮುಂದಿನ ಮಾತಿಗೆ ಕಾದೆ. ‘ಎನಿವೇ, ಐ ವಿಲ್ ಲೆಟ್ ಯು ಗೋ’ ಅಂದರು. ಪಾಪ, ನನಗೆ ತೊಂದರೆ ಆಗುತ್ತಿದೆ ಅಂದುಕೊಂಡಿದ್ದಾರೆ ಅಂತ ನನಗೆ ಅನಿಸಿತು. ‘ನೋ ನೋ, ಐ ಆಮ್ ಫ್ರೀ’ ಅಂದು ಇನ್ನೊಂದು ವಿಷಯ ತೆಗೆದೆ. ಅವರು ಹೂಂಗುಟ್ಟಿದರು. ಐದು ನಿಮಿಷದ ಮೇಲೆ ಮತ್ತೆ ‘ಎನಿವೇ’. ನಾನು ಮತ್ತೆ ಫ್ರೀ. ಅವರು ಕೊನೆಗೆ ಯಾರೋ ಬಾಗಿಲು ಬಡಿಯುತ್ತಿದ್ದಾರೆ ಅಂದರು. ನನಗಂತೂ ಯಾವ ಸದ್ದೂ ಕೇಳಿಸಲಿಲ್ಲ.